ಲೋಡಿನ ಗವಸು

ತೊಂಬತ್ತರ ದಶಕದಲ್ಲಿ ಮಾನ್ವಿ ಬಜಾರಿನ ಗಟಾರಗಳು ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಳ್ಳತೊಡಗಿದಾಗ, ಗಿರಾಕಿಗಳು ಮನೆಯಿಂದಲೇ ಚೀಲ ತರಬೇಕೆಂದು ವರ್ತಕರು ಸೇರಿ ನಿಯಮ ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಬಹುತೇಕರು ಅದನ್ನು ಮರೆತರು. ನಮ್ಮ ಓಣಿಯ ಕಿರಾಣಿ ಸಾವ್ಕಾರರು ಮಾತ್ರ ಮರೆಯಲಿಲ್ಲ. ಗಾದಿಯ ಮೇಲೆ ಲೋಡುದಿಂಬಿಗೆ ಒರಗಿ ಕೂತು, ಬಂದವರ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದರು.

"ಕೈ ಬೀಸ್ಕೋಂತ ಬಂದೀರೇನು? ಚೀಲ ತರ್ರಿ, ಆಮ್ಯಾಲೆ ಮಾತಾಡೂಣು."

ಗಿರಾಕಿ ಎದುರಿನ ಅಂಗಡಿಗೆ ಹೋದರೂ ಅವರು ತಕ್ಕಡಿ ಎತ್ತುತ್ತಿರಲಿಲ್ಲ.

ಒಂದು ಸಂತೆಯ ದಿನ ಮಲ್ಲಟ ಎಂಬ ಹಳ್ಳಿಯ ಮುದುಕರೊಬ್ಬರು ತೊಗರಿಬೇಳೆಗೆ ಬಂದರು. ಚೀಲವಿರಲಿಲ್ಲ. ಸಾವ್ಕಾರರು ಎಂದಿನ ಮಾತನ್ನೇ ಹೇಳಿದರು.

"ಬಸ್ಸು ಹೊಂಟದ ತಮ್ಮಾ. ಇದರಾಗ ಕಟ್ಟು" ಎಂದು ಮುದುಕರು ತಲೆಯ ರುಮಾಲು ಬಿಚ್ಚತೊಡಗಿದರು.

ನಮ್ಮ ಕಡೆ ಹಿರಿಯರು ಸಾವಿನ ಮನೆಯಲ್ಲಲ್ಲದೆ ಜನರೆದುರು ರುಮಾಲು ತೆಗೆಯುವುದಿಲ್ಲ. ಅಂಗಡಿಯ ಮುಂದೆ ನಿಂತವರೆಲ್ಲ ತಿರುಗಿ ನೋಡಿದರು.

"ಯಪ್ಪಾ, ರುಮಾಲಿಗೆ ಕೈ ಹಚ್ಚಬ್ಯಾಡ್ರಿ!" ಸಾವ್ಕಾರರು ಎದ್ದೇಬಿಟ್ಟರು. ತಾವು ಒರಗಿದ್ದ ಲೋಡಿನ ಗವಸನ್ನು ಎಳೆದು, ಕೊಡವಿ, ಅದರಲ್ಲಿ ಬೇಳೆ ಸುರಿದುಕೊಟ್ಟರು. "ಮುಂದಿನ ಸಂತಿಗೆ ತಂದುಕೊಡ್ರಿ."

"ಹಂಗಾರ ನನಗ ಗಾದಿ ಗವಸು ಕೊಡ್ರಿ ಸಾವ್ಕಾರ್ರ" ಎಂದಳು, ಚೀಲವಿಲ್ಲದೆ ಅದೇ ತಾನೇ ಬೈಸಿಕೊಂಡಿದ್ದ ಹೆಂಗಸು. ಸಾವ್ಕಾರರು ಮತ್ತೆ ಕೂತು ಮುಂದಿನ ಗಿರಾಕಿಯ ಕೈ ನೋಡಿದರು.

ಮುಂದಿನ ಸಂತೆಗೆ ಮುದುಕರು ಗವಸನ್ನು ಒಗೆದು ತಂದರು. ಅದರ ಬಾಯಿಗೆ ಲಾಡಿ ಪೋಣಿಸಿ, ಹೆಗಲಿಗೆ ಹಾಕಿಕೊಂಡಿದ್ದರು.

"ಈ ಸಲ ಚೀಲ ತಂದೀನಿ ನೋಡು ತಮ್ಮಾ" ಎಂದು ಹೆಮ್ಮೆಯಿಂದ ಮುಂದೆ ಹಿಡಿದರು.

ಸಾವ್ಕಾರರು ತಮ್ಮ ಬರಿಮೈ ಲೋಡನ್ನು ಒಮ್ಮೆ ನೋಡಿ, ತಕ್ಕಡಿ ಎತ್ತಿದರು.