ಕೈಪಿಡಿ ಬರೆಯುವ ಶೇಷಗಿರಿ

ಮುಂಬಯಿಯ ವಿಲೆ ಪಾರ್ಲೆಯ ಶೇಷಗಿರಿಗೆ ದೀಪಾವಳಿಯ ದಿನವೂ ಅದೇ ಕೆಲಸ. ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಲೆಂದು ಪುಣ್ಯಾತ್ಮರು ಬಿಟ್ಟುಕೊಟ್ಟ ಪ್ರೋಗ್ರಾಮುಗಳಿಗೆ ಕೈಪಿಡಿ ಬರೆದು, ಫೋನ್ ಲೈನಿನ ಮೂಲಕ ಎಲ್ಲರೂ ಓದಬಹುದಾದ ಕಂಪ್ಯೂಟರಿಗೆ ಕಳಿಸುತ್ತಾನೆ. ಯಾವ ಆಜ್ಞೆ ಏನು ಮಾಡುತ್ತದೆಂಬುದನ್ನು ಬಾಣಂತಿಗೆ ಪಥ್ಯ ಹೇಳುವಷ್ಟು ಜತನದಿಂದ ವಿವರಿಸುತ್ತಾನೆ. ನಡುವೆ ಹೆಂಡತಿ ಶಾಮಲಾ ಫೋನೆತ್ತಿದರೆ ಲೈನು ಕಡಿದು, ಎಲ್ಲ ಮೊದಲಿನಿಂದ. "ಅಮ್ಮನ ಹತ್ರ ಮಾತಾಡೋಕೂ ನಿಮ್ಮ ಪರ್ಮಿಷನ್ ಬೇಕೇನ್ರೀ?" ಎಂದು ಅವಳು ರೇಗಿದರೆ, "ಓದೋರು ಕಾಯ್ತಿರ್ತಾರೆ ಕಣೇ, ನನ್ನನ್ನೇ ನಂಬಿರ್ತಾರೆ," ಎನ್ನುತ್ತಾನೆ. ಮೊನ್ನೆ ಅವಳು ಫೋನಿಗೆ ಕಾದು ನಿಂತಿದ್ದ ಆತುರದಲ್ಲಿ, ಒಂದು ಆಜ್ಞೆಯನ್ನು ನಡೆಸಿ ನೋಡದೆಯೇ 'ಖಾಲಿ ಫೈಲುಗಳನ್ನು ಮಾತ್ರ ಅಳಿಸುತ್ತದೆ' ಎಂದು ಬರೆದು ಕಳಿಸಿಬಿಟ್ಟ. ಅದು ಎಲ್ಲವನ್ನೂ ಅಳಿಸುವಂಥದು. ಘಾಟ್ಕೋಪರಿನ ಕಾಲೇಜು ಹುಡುಗಿ ಮಂದಾಕಿನಿ ಅದನ್ನು ಬಳಸಿ, ಪರೀಕ್ಷೆಗೆ ಕೊಡಬೇಕಾದ ಪ್ರಾಜೆಕ್ಟನ್ನೇ ಕಳೆದುಕೊಂಡು, ಕೈಪಿಡಿಯ ಕೊನೆಯಲ್ಲಿದ್ದ ವಿಳಾಸ ಹಿಡಿದು ಮನೆ ಹುಡುಕಿಕೊಂಡು ಬಂದಳು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಅವಳೋ, "ಅಂಕಲ್, ನಿಮ್ಮ ಕೈಪಿಡಿ ಕರೆಕ್ಟೇ ಇರತ್ತೆ. ನಾನೇ ಏನೋ ಗಡಬಡ್ ಮಾಡಿದೆ. ಎಲ್ಲಿ ಅಂತ ಹೇಳಿ ನಾ," ಎಂದಳು. "ತಪ್ಪು ನಂದಮ್ಮಾ," ಎಂದರೆ, ದೊಡ್ಡವರು ಸಮಾಧಾನಕ್ಕೆ ಹೇಳುತ್ತಿದ್ದಾರೆಂದು ನಕ್ಕಳು. ಕೊನೆಗೆ ಶೇಷಗಿರಿ, ಆಗತಾನೇ ಬರೆದು ಮುಗಿಸಿದ್ದ, ಬೇರೆ ಪ್ರತಿಯೇ ಇಲ್ಲದ ಹೊಸ ಕೈಪಿಡಿಯ ಫ್ಲಾಪಿಯನ್ನು ಕಂಪ್ಯೂಟರಿಗೆ ಹಾಕಿ, ಅದರ ಮೇಲೆ ಅದೇ ಆಜ್ಞೆಯನ್ನು ಅವಳ ಕೈಯಲ್ಲೇ ಕೊಡಿಸಿದ. ಒಂದು ಫೈಲೂ ಉಳಿಯಲಿಲ್ಲ. ತಪ್ಪು ಅವನದೇ ಎಂದು ಆಗ ಅವಳು ನಂಬಿದಳು. ನಂಬಿ, ಅವನ ಮುಖ ನೋಡಿದಳು.