ಸೆಲಿನ್ ಮೇಡಂ ಮತ್ತು ಒಂದು ಬೇಡದ ಕ್ರಿಯಾಪದ

ಸೆಲಿನ್ ಮೇಡಂಗೆ ಜಿರಳೆ, ಆಗಸ್ಟಿನ ಬಿಸಿಲು, ಶಾರ್ಜಾ ದಾರಿಯ ಟ್ರಾಫಿಕ್ ಯಾವುದರ ಹೆದರಿಕೆಯೂ ಇರಲಿಲ್ಲ. ‘ಅರ್ಥಮಾಡಿಕೊಳ್ಳುವುದು’ ಎಂಬ ಒಂದು ಕ್ರಿಯಾಪದ ಕಂಡರೆ ಮಾತ್ರ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಯೂನಿವರ್ಸಿಟಿಯ ಕಾರಿಡಾರಿನಲ್ಲಿ, ಚಿನ್ನದ ಬಣ್ಣದ ಚೌಕಟ್ಟಿನೊಳಗೆ, ಸಾರ್ವಜನಿಕ ಆರೋಗ್ಯ ವಿಭಾಗದ ಗುರಿಗಳನ್ನು ಇಂಗ್ಲಿಷಿನಲ್ಲೂ ಅರಬಿಯಲ್ಲೂ ತೂಗುಹಾಕಿದ್ದರು. ಸಮುದಾಯದ ಆರೋಗ್ಯದ ಅಗತ್ಯಗಳನ್ನು ಅರ್ಥಮಾಡಿಕೊಳ್ಳುವ ಪದವೀಧರರನ್ನು ರೂಪಿಸುವುದು ಎಂಬುದು ಅದರ ಮೊದಲ ಸಾಲು. ಮೇಡಂ ಅದರೆದುರು ಹಾದುಹೋಗುವಾಗಲೆಲ್ಲ, ಉಳಿದವರು ದೇವರ ಪಟ ಕಂಡಾಗ ನಿಲ್ಲುವ ಹಾಗೆ, ಒಂದು ಗಳಿಗೆ ನಿಲ್ಲುತ್ತಿದ್ದರು. ಭಕ್ತಿಯಿಂದಲ್ಲ.

“ಅರ್ಥ ಆದದ್ದು ಎಲ್ಲಿ ಕಾಣುವುದು ಮಾರಾಯಾ, ಮೂಗಿನ ಮೇಲಾ?” ಎಂದು ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು. “ಅದು ಹೊಟ್ಟೆಯೊಳಗಿನ ಗಾಳಿ ಹಾಗೆ. ಉಂಟು ಅಂತ ಇದ್ದವನೇ ಹೇಳ್ಬೇಕು.”

ಪಕ್ಕದಲ್ಲಿದ್ದವನು ಹೆಚ್ಚಾಗಿ ನಾನೇ. ಕನ್ನಡ ತಿಳಿಯುವ ಕಿವಿ ಆ ಕಟ್ಟಡದಲ್ಲಿ ಹೆಚ್ಚಿರಲಿಲ್ಲ. ಅವರು ಕುಂದಾಪುರದ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನರ್ಸಾಗಿ ಗಲ್ಫಿಗೆ ಬಂದು, ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಲೇ ಮಾಸ್ಟರ್ಸ್ ಓದಿ, ದುಬೈಗೆ ಬಂದು ಟೀಚರ್ ಆದವರು. ನಾನು ಅದೇ ದುಬೈಯ ಅಲ್ ನಹ್ದಾ ಬಡಾವಣೆಯ ತುಳು ಮನೆಯ ಹುಡುಗ. ಎಂಬಿಬಿಎಸ್ ಸೀಟು ನನ್ನ ಅಂಕಪಟ್ಟಿ ನೋಡಿ ನಕ್ಕದ್ದರಿಂದ ಪಬ್ಲಿಕ್ ಹೆಲ್ತಿಗೆ ಸೇರಿದವನು. ಅಪ್ಪ ಊರಿನ ನೆಂಟರಿಗೆಲ್ಲ ಫೋನಿನಲ್ಲಿ, ಮಗ ಡಾಕ್ಟರ್ ಓದುತ್ತಿದ್ದಾನೆ, ಆದರೆ ಪಬ್ಲಿಕ್ ಡಾಕ್ಟರ್, ಎಂದು ಹೇಳಿಬಿಟ್ಟಿದ್ದರು. ಅದೇನೆಂದು ಅವರೂ ಕೇಳಲಿಲ್ಲ, ನೆಂಟರೂ ಕೇಳಲಿಲ್ಲ. ಕೇಳಿದ್ದರೂ ಹೇಳಲು ನನಗೂ ಗೊತ್ತಿರಲಿಲ್ಲ.

ನನಗೆ ಬರುತ್ತಿದ್ದ ವಿದ್ಯೆ ಒಂದೇ, ಮಿಮಿಕ್ರಿ. ಮಾತಿಗೊಮ್ಮೆ ‘ಬೇಸಿಕಲೀ’ ಅನ್ನುವ ವಿಭಾಗದ ಮುಖ್ಯಸ್ಥರು, ‘ಯಲ್ಲಾ ಯಲ್ಲಾ’ ಎಂದು ನಮ್ಮನ್ನು ಕುರಿಗಳಂತೆ ಅಟ್ಟುವ ಬಸ್ ಡ್ರೈವರ್, ಕ್ಯಾಂಟೀನಿನಲ್ಲಿ ಸಮೋಸಾ ಮುಗಿದರೆ ‘ಖಲಾಸ್’ ಎಂದು ಮರಣವಾರ್ತೆಯ ದನಿಯಲ್ಲಿ ಹೇಳುವ ಭಾಯ್, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ನನ್ನ ಸ್ವಂತ ದನಿ ಮಾತ್ರ ಯಾವುದೆಂದು ಕೇಳಿದರೆ ಹುಡುಕಬೇಕಿತ್ತು.

ಮೇಡಂ ನಡೆಸುತ್ತಿದ್ದದ್ದು ಅರ್ಧ ಕೋರ್ಸು, ಉಳಿದವುಗಳ ಅರ್ಧದಷ್ಟೇ ಅಂಕದ್ದು. ಹೆಸರು ದೊಡ್ಡದು, ನಾವು ‘ಫೀಲ್ಡ್’ ಅನ್ನುತ್ತಿದ್ದೆವು. ಒಪ್ಪಿಗೆ ಕೊಟ್ಟ ಸಂಸಾರಗಳ ಮನೆಗೆ ಹೋಗಿ, ಆರೋಗ್ಯದ ಪ್ರಶ್ನೆಗಳನ್ನು ಕೇಳಿ, ಬರೆದುಕೊಂಡು ಬರುವುದು. ಅದರ ಗುರಿಯನ್ನು ಮೇಡಂ ತಾವೇ ಬರೆದಿದ್ದರು: ಕೋರ್ಸು ಮುಗಿದಾಗ ವಿದ್ಯಾರ್ಥಿಯು ಗುರುತಿಲ್ಲದವರ ಬಾಗಿಲು ತಟ್ಟಿ, ಒಳಗೆ ಕರೆಸಿಕೊಂಡು, ಅವರು ಹೇಳಿದ್ದನ್ನು ಕೇಳಿ ಬರಬಲ್ಲ. ಇಷ್ಟಕ್ಕೆ ಯೂನಿವರ್ಸಿಟಿ ಯಾಕೆ ಬೇಕು ಎಂದು ಮುಖ್ಯಸ್ಥರು ಕೇಳಿದಾಗ, “ಬೇಕು ಸರ್, ಮನೆಯಲ್ಲಿ ಯಾರೂ ಕಲಿಸುವುದಿಲ್ಲ” ಅಂದರಂತೆ.

ಬಾಗಿಲು ತಟ್ಟುವುದಕ್ಕೇ ಒಂದು ಇಡೀ ತರಗತಿ. ಬೆಲ್ ಒತ್ತಿ ಅಲ್ಲೇ ಅಂಟಿಕೊಂಡು ನಿಲ್ಲಬಾರದು, ಹಿಂದೆ ಸರಿದು ನಿಲ್ಲಬೇಕು. ಇಲ್ಲದಿದ್ದರೆ ಬಾಗಿಲಿನ ಗಾಜುಗಣ್ಣಿನಲ್ಲಿ ಒಳಗಿನವರಿಗೆ ಕಾಣುವುದು ಮೂಗು ಮಾತ್ರ. “ಬರೀ ಮೂಗಿಗೆ ಯಾರು ಬಾಗಿಲು ತೆಗೀತಾರೆ? ಅದೂ ನಿನ್ನದಕ್ಕೆ” ಎಂದು ನನ್ನನ್ನೇ ಮಾದರಿಯಾಗಿ ನಿಲ್ಲಿಸಿ ತೋರಿಸಿದ್ದರು.

ಹೀಗೆ ತರಬೇತಾಗಿ ನಾನು ಅಲ್ ನಹ್ದಾದ ಒಂದು ಕಟ್ಟಡಕ್ಕೆ ಹೋದೆ. ಮೊದಲ ಮನೆ ಉಡುಪಿಯ ಒಬ್ಬ ಆಂಟಿಯದು. ಕಾಗದದಲ್ಲಿ ಮಧುಮೇಹದ ಪ್ರಶ್ನೆ ಸಾಲುಗಟ್ಟಲೆ ಇತ್ತು. ನಾನು ಜಾಣ, ಎಲ್ಲಿಂದ ಬಂದವನೆಂದೂ ಹೇಳದೆ ಊರಿನ ಭಾಷೆಯಲ್ಲಿ ಚುಟುಕಾಗಿ ಕೇಳಿದೆ. “ಆಂಟೀ, ಶುಗರ್ ಉಂಟಾ?”

“ಉಂಟಲ್ಲ ಮಗಾ” ಎಂದು ಆಂಟಿ ಒಳಗೆ ಹೋದರು. ನಾನು ‘ಹೌದು’ ಎಂದು ಗುರುತು ಹಾಕಿದೆ. ಆಂಟಿ ಹೊರಗೆ ಬಂದದ್ದು ಸ್ಟೀಲ್ ಲೋಟದ ತುಂಬ ಸಕ್ಕರೆ ಹಿಡಿದು. ಹೊಸದಾಗಿ ಬಾಡಿಗೆಗೆ ಬಂದವರಾ, ಗ್ಯಾಸ್ ಕನೆಕ್ಷನ್ ಆಯಿತಾ, ಅಮ್ಮನಿಗೆ ಬೇಕಾದದ್ದು ಕೇಳಲು ಹೇಳು ಎಂದೆಲ್ಲ ಉಪಚರಿಸಿದರು. ಬೇಡ ಅನ್ನಲು ಬಾಯಿ ಬರದೆ ಲೋಟ ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ. ಅಲ್ಲಿಯೂ ಶುಗರ್ ಇತ್ತು. ಲೋಟ ನೋಡಿ ಅವರು, ಇಷ್ಟು ಸಾಲದಾ ಎಂದು ಕೇಳಿದರು.

ಮೇಡಂ ನನ್ನ ಕಾಗದಗಳನ್ನು ನೋಡಿ ಕನ್ನಡಕ ಹಣೆಗೇರಿಸಿದರು. ಆ ಮಹಡಿಯಲ್ಲಿ ಆರೋಗ್ಯವಂತರೇ ಇಲ್ಲವಲ್ಲ, ಯಾರು ಯಾವ ಮಾತ್ರೆ ತಗೊಳ್ತಾರೆ ಎಂದು ಕೇಳಿದರು. ನಾನು ನಡೆದದ್ದನ್ನು ಆಂಟಿಯ ದನಿಯಲ್ಲೇ ಮಾಡಿ ತೋರಿಸಿದೆ. ನಗಲಿಲ್ಲ. ಕೊಡೆ ಎತ್ತಿಕೊಂಡು ಹೊರಟರು. ದುಬೈಯ ನಡು ಬಿಸಿಲಿನಲ್ಲಿ ಒಂದು ಕೊಡೆ, ಅದರಡಿ ಗಿಡ್ಡ ಮೇಡಂ, ಹಿಂದೆ ಸಕ್ಕರೆ ಲೋಟ ಹಿಡಿದ ನಾನು. ವಾಚ್‌ಮನ್ ಎದ್ದು ನಿಂತು ದಾರಿ ಬಿಟ್ಟ.

ಆಂಟಿಯ ಮನೆಯಲ್ಲಿ ಮೇಡಂ ಕಾಗದ ತೆಗೆಯಲೇ ಇಲ್ಲ. ಲೋಟ ವಾಪಸು ಕೊಟ್ಟು, ಕ್ಷಮೆ ಕೇಳಿ, ಊರು, ಮೀನು, ಶಾಲೆಯ ಫೀಸು ಎಂದು ಎಲ್ಲೆಲ್ಲೋ ಸುತ್ತಿದರು. ಚಾ ಬಂತು. “ನೀವು ಚಾಕ್ಕೆ ಎಷ್ಟು ಹಾಕಿಕೊಳ್ತೀರಿ?” ಎಂದು ಕೇಳಿದರು.

“ನನಗೆ ಎರಡು ಚಮಚ” ಅಂದರು ಆಂಟಿ. ಮತ್ತೆ ದನಿ ತಗ್ಗಿಸಿ, “ಅವರಿಗೆ ಸಪ್ಪೆ. ಯಾರಿಗೂ ಹೇಳಬೇಡ ಅಂದಿದ್ದಾರೆ.”

ಅಲ್ಲಿಂದ ಒಂದೊಂದಾಗಿ ಎಲ್ಲ ಹೊರಬಂತು. ಗಂಡನಿಗೆ ಸಕ್ಕರೆ ಕಾಯಿಲೆ, ಕಂಪನಿಯಲ್ಲಿ ತಿಳಿದರೆ ಕೆಲಸಕ್ಕೆ ಸಂಚಕಾರ ಎಂಬ ಅಂಜಿಕೆ, ಆ ಅಂಜಿಕೆಯಲ್ಲಿ ಡಾಕ್ಟರನ್ನೂ ಬಿಟ್ಟದ್ದು. ಮೇಡಂ ಹೆಚ್ಚು ಮಾತಾಡಲಿಲ್ಲ, ಆಗಾಗ ಹೌದಾ ಅಂದರು ಅಷ್ಟೆ. ಏಳುವ ಹೊತ್ತಿಗೆ ಆಂಟಿಯೇ, ಈ ಶುಕ್ರವಾರ ಅವರನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋಗುತ್ತೇನೆ ಅಂದರು.

ಲಿಫ್ಟಿನಲ್ಲಿ ನಾನು ಮೆಲ್ಲಗೆ, ಹಾಗಾದರೆ ನಾನು ‘ಹೌದು’ ಎಂದು ಬರೆದದ್ದು ಸರಿಯೇ ಆಯಿತಲ್ಲ ಅಂದೆ.

“ಸರಿ ಉಂಟು. ಆದರೂ ನಿನಗೆ ಸೊನ್ನೆ” ಅಂದರು.

ನನ್ನ ಕೊನೆಯ ವರ್ಷ ವಿಭಾಗದ ಪರಿಶೀಲನೆ ಬಂತು. ಹೊರದೇಶದಿಂದ ಇಬ್ಬರು ತಜ್ಞರು ಬಂದು, ಯಾವ ಕೋರ್ಸು ಇರಬೇಕು ಯಾವುದು ಹೋಗಬೇಕು ಎಂದು ಹೇಳುವವರಿದ್ದರು. ಮುಖ್ಯಸ್ಥರಿಗೆ ಫೀಲ್ಡ್ ತೆಗೆದು ಆ ಜಾಗಕ್ಕೆ ಕಂಪ್ಯೂಟರಿನಲ್ಲಿ ಕುಳಿತೇ ಮುಗಿಸುವ ಪಾಠ ಹಾಕುವ ಆಸೆ. ಕೆಟ್ಟ ಮನುಷ್ಯರಲ್ಲ ಅವರು. ಬೇಸಿಕಲೀ, ಬಸ್ಸಿನ ವ್ಯವಸ್ಥೆ ಮಾಡಿ ಮಾಡಿ ಸುಸ್ತಾಗಿದ್ದರು. ಮೇಡಂ ಮಾತ್ರ ಆ ವಾರವಿಡೀ ಚೌಕಟ್ಟಿನ ಮುಂದೆ ನಿಲ್ಲದೆ ನಡೆದರು. ಒಮ್ಮೆ ಮೆಟ್ಟಿಲ ಬಳಿ ಸಿಕ್ಕಾಗ ನಾನು ಏನೋ ತಮಾಷೆ ಮಾಡಲು ಹೋದೆ.

“ಬಾಗಿಲು ತಟ್ಟದೆ ಒಬ್ಬ ಪಬ್ಲಿಕ್ ಹೆಲ್ತಿನವ ಪಾಸಾಗಿ ಹೋಗ್ತಾನೆ ಅಂತಾದ್ರೆ, ನಾನು ಇಲ್ಲಿದ್ದು ಎಂತ ಮಾಡುವುದು ಹೇಳು” ಅಂದರು. ನನ್ನ ಗಂಟಲಿನ ಬಾಡಿಗೆದಾರರನ್ನು ಒಳಗೇ ಬಿಟ್ಟು, ಅವರ ಕೊಡೆ ಹಿಡಿದು ಜೊತೆಗೆ ಮೆಟ್ಟಿಲಿಳಿದೆ.

ತಜ್ಞರು ವಿದ್ಯಾರ್ಥಿಗಳನ್ನು ಕರೆದು ಮಾತಾಡಿಸುವಾಗ ಟೀಚರುಗಳು ಒಳಗೆ ಇರುವಂತಿರಲಿಲ್ಲ, ಮುಖ್ಯಸ್ಥರಿಗೆ ಮಾತ್ರ ಮೂಲೆಯಲ್ಲೊಂದು ಕುರ್ಚಿ. ಈ ಓದಿನ ಗುರಿ ಏನು ಎಂದು ಇಬ್ಬರಲ್ಲೊಬ್ಬ ತಜ್ಞೆ ಕೇಳಿದರು. ನನ್ನ ಜೊತೆಯವರೆಲ್ಲ ಚೌಕಟ್ಟಿನಲ್ಲಿದ್ದದ್ದನ್ನು ಚಾಚೂ ತಪ್ಪದೆ ಒಪ್ಪಿಸಿದರು. ನನ್ನ ಸರದಿ ಬಂದಾಗ ಬಾಯಿಂದ ಬಂದದ್ದು ಮೇಡಂ ದನಿ. ಇಂಗ್ಲಿಷಿನಲ್ಲಿಯೂ ಅವರದು ಕುಂದಾಪುರದ ರಾಗವೇ. ಅದೇ ರಾಗದಲ್ಲಿ ಸಕ್ಕರೆ ಲೋಟದ ಕಥೆಯನ್ನು ಹೆಸರು, ಮನೆ ಬಿಟ್ಟು ಹೇಳಿದೆ, ನಡುವೆ ಆಂಟಿಯ ದನಿಯನ್ನೂ ಮಾಡಿದೆ, ದಡ್ಡನ ಪಾತ್ರಕ್ಕೆ ನನ್ನನ್ನೇ ಹಾಕಿಕೊಂಡೆ. ತಜ್ಞೆ ನಕ್ಕು, ಇದರಿಂದ ಏನು ಕಲಿತೆ ಎಂದು ಕೇಳಿದರು. ಅರ್ಥಮಾಡಿಕೊಂಡೆ ಎಂಬ ಮಾತು ತುಟಿಯವರೆಗೆ ಬಂದಿತ್ತು. ನುಂಗಿ, ಮಾಡಿ ತೋರಿಸುತ್ತೇನೆ ಎಂದು ಎದ್ದು ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ.

ಹೊರಗೆ ನೀರಿನ ಕೂಲರಿನ ಪಕ್ಕ ಮೇಡಂ ನಿಂತಿದ್ದರು. ನನ್ನನ್ನು ಹೊರಗೆ ಹಾಕಿದರೆಂದೇ ತಿಳಿದರು. “ಎಂತ ಮಾಡಿ ಹಾಕಿದೆ?” ಅಂದರು, ಮುಖ ಬಿಳಿಚಿಕೊಂಡು. ನಾನು ತುಟಿಗೆ ಬೆರಳಿಟ್ಟು, ಬಾಗಿಲು ತಟ್ಟಿ, ಹಿಂದೆ ಸರಿದು ನಿಂತೆ. ತಜ್ಞೆಯೇ ಬಂದು ತೆಗೆದರು. ದಾರಿ ದೂರವಾಯಿತಾ, ರಾತ್ರಿ ನಿದ್ದೆ ಬಂತಾ, ಇಲ್ಲಿನ ಊಟ ಹೊಂದುತ್ತದಾ ಎಂದು ನಿಧಾನವಾಗಿ ಕೇಳುತ್ತ ಹೋದೆ. ಬಿ.ಪಿ. ಮಾತ್ರೆಯನ್ನು ತನ್ನ ಊರಿನಲ್ಲೇ ಮರೆತು ಬಂದದ್ದನ್ನು ಆಕೆ ಹೇಳಿದರು. ಹೇಳಿ, ಅಷ್ಟು ಹೊತ್ತಿಗೆ ತಾನು ಪರೀಕ್ಷಕಿ ಎಂಬುದು ನೆನಪಾಗಿ, ತಲೆಯಾಡಿಸಿ ನಗತೊಡಗಿದರು. ಕೂಲರಿನ ಬಳಿ ಸೆಲಿನ್ ಮೇಡಂ ಖಾಲಿ ಗ್ಲಾಸಿನಿಂದ ನೀರು ಕುಡಿಯುತ್ತಿದ್ದರು.

ಫೀಲ್ಡ್ ಉಳಿಯಿತು. ಅರ್ಧ ಕೋರ್ಸು ಇಡೀ ಕೋರ್ಸಾಗಬೇಕು ಎಂದು ತಜ್ಞರು ಹೇಳಿಹೋದರು. ಸಮಸ್ಯೆ ಅಲ್ಲೇ ಇತ್ತು. ಇಡೀ ಕೋರ್ಸು ನಡೆಸಲು ಡಾಕ್ಟರೇಟ್ ಇರಬೇಕು ಎಂಬುದು ನಿಯಮ, ಮೇಡಂಗೆ ಇದ್ದದ್ದು ಮಾಸ್ಟರ್ಸ್. ಸುದ್ದಿ ತಿಳಿದ ದಿನ ಅವರು ಕೊಡೆ ಮಡಚುತ್ತ, “ಕೋರ್ಸ್ ಪಾಸು, ಟೀಚರ್ ಫೇಲು. ಪರವಾಗಿಲ್ಲ, ಇದರ ಉಲ್ಟಾ ಆಗಿದ್ರೆ ನಿದ್ದೆ ಬರ್ತಿರಲಿಲ್ಲ” ಅಂದರು. ಕಾಂಟ್ರಾಕ್ಟ್ ಮುಗಿಯಿತು. ಗಂಡನ ವೀಸಾದ ಮೇಲೆ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ಉಳಿದರು.

ನನಗೆ ಅದೇ ಕೋರ್ಸಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಸಹಾಯಕನಿಗೆ ಡಾಕ್ಟರೇಟ್ ಬೇಕಿಲ್ಲವಂತೆ, ಬುದ್ಧಿಯ ಬಗ್ಗೆಯೂ ನಿಯಮ ಇರಲಿಲ್ಲ. ಹೊಸ ಬ್ಯಾಚಿನಲ್ಲಿ ಶ್ರೇಯಾ ಎಂಬ ಹುಡುಗಿ, ಇಲ್ಲೇ ಹುಟ್ಟಿದವಳು, ಇಂಗ್ಲಿಷಿನಲ್ಲೇ ಸೀನುವವಳು. ಅವಳ ಪಾಲಿಗೆ ಬಂದ ಒಂದು ಮನೆ ಸೆಲಿನ್ ಮೇಡಂ ಅವರದು. ಒಪ್ಪಿಗೆ ಕೊಟ್ಟ ಸಂಸಾರಗಳಲ್ಲಿ ತಾವೂ ಸೇರಿಕೊಂಡಿದ್ದರು. ನಾನು ಶ್ರೇಯಾಗೆ ಏನೂ ಹೇಳದೆ ಜೊತೆಗೆ ಹೋದೆ.

ಬಾಗಿಲು ತೆರೆದ ಮೇಡಂ ನೈಟಿಯಲ್ಲಿದ್ದರು, ಕೈಯಲ್ಲಿ ಮೀನಿನ ಮಸಾಲೆ. ನನ್ನತ್ತ ಕಣ್ಣೆತ್ತಿ ನೋಡಲಿಲ್ಲ. ಕೆಲಸ ಉಂಟು, ಬೇಗ ಕೇಳಿ ಹೋಗು ಎಂದು ಹುಡುಗಿಗೆ ಗಡುಸಾಗಿ ಹೇಳಿದರು. ಶ್ರೇಯಾ ನಿಂತಲ್ಲೇ ವಯಸ್ಸು ಕೇಳಿದಳು, ಮನೆಮಂದಿ ಎಷ್ಟು ಎಂದು ಕೇಳಿದಳು, ತಡವರಿಸುವ ಕನ್ನಡದಲ್ಲಿ ಉದ್ಯೋಗ ಕೇಳಿದಳು.

ಮೇಡಂ ಕೈಯ ಮಸಾಲೆಯನ್ನು ನೋಡಿಕೊಂಡರು. “ಹೌಸ್‌ವೈಫ್ ಅಂತ ಬರೆ.”

ಶ್ರೇಯಾ ಪೆನ್ನು ಊರಿದಳು, ಬರೆಯಲಿಲ್ಲ. “ಆಂಟೀ, ಮೊದಲು ಎಂತ ಮಾಡ್ತಿದ್ರಿ?”

“ಅದು ನಿನ್ನ ಪೇಪರಿನಲ್ಲಿ ಉಂಟಾ?”

“ಇಲ್ಲ. ನೀವು ಹೇಳುವಾಗ ಸ್ವಲ್ಪ ನಿಲ್ಲಿಸಿದ್ರಿ, ಅದಕ್ಕೆ ಕೇಳಿದೆ.”

ಮೇಡಂ ಮಸಾಲೆಯ ಕೈಯನ್ನು ನೈಟಿಗೆ ಒರೆಸಿಕೊಂಡರು. ಮತ್ತೆ ಬಾಗಿಲನ್ನು ಪೂರ್ತಿ ತೆರೆದು, “ಒಳಗೆ ಬಾ ಮಗಾ” ಅಂದರು. ನಾನೂ ಚಪ್ಪಲಿ ಕಳಚಿದೆ. “ನೀನೆಲ್ಲಿಗೆ? ನಿನ್ನನ್ನು ಯಾರು ಕರೆದರು?” ಎಂದು ಬಾಗಿಲು ಹಾಕಿಕೊಂಡರು.

ಅದೇ ಕೊನೆಯ ಭೇಟಿ. ಗಂಡ ನಿವೃತ್ತರಾಗಿ ಬೇಸಿಗೆಗೆ ಮೊದಲೇ ಇಬ್ಬರೂ ಊರಿಗೆ ಹೊರಟುಹೋದರು, ನಾನು ಆಗ ಅಬುಧಾಬಿಯಲ್ಲಿ ಬೇರೊಂದು ಬ್ಯಾಚಿನ ಜೊತೆ ಇದ್ದೆ. ಬಾಗಿಲು ಹಾಕಿಕೊಂಡ ಆ ದಿನ ನಾನು ಬರಿಗಾಲಿನಲ್ಲಿ ಕಾರಿಡಾರಿನಲ್ಲೇ ನಿಂತಿದ್ದೆ. ಬಾಗಿಲಿನ ಆಚೆಯಿಂದ ಮೇಡಂ ದನಿ ಕೇಳುತ್ತಲೇ ಇತ್ತು, ಅಲ್ ಐನ್, ಆಸ್ಪತ್ರೆ, ರಾತ್ರಿ ಪಾಳಿ ಎಂದು. ನಡುನಡುವೆ ಶ್ರೇಯಾಳದು, ಹೌದಾ, ಹೌದಾ ಎಂದು. ಮೀನು ಕರಿದ ವಾಸನೆ ಬಂತು. ನನ್ನನ್ನು ಯಾರೂ ಕರೆಯಲಿಲ್ಲ.