ಅಂಗಳದ ತೇಪೆ

ಕುಲಗೋಡದ ನಮ್ಮ ಓಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾಂಕ್ರೀಟ್ ಅಂಗಳ ನಮ್ಮ ಮನೆಯದು. ಯಜಮಾನರು ಹೋದ ಮೇಲೆ ಅದರಲ್ಲಿ ಓಡಾಡುವವಳು ನಾನೊಬ್ಬಳೇ. ಬೇಸಿಗೆಯಲ್ಲಿ ಮಾತ್ರ ಹಾಗಲ್ಲ. ಯುಗಾದಿ ಹತ್ತಿರವಾದಂತೆ ಓಣಿಯ ಹೆಂಗಸರೆಲ್ಲ ಶ್ಯಾವಿಗೆ, ಸಂಡಿಗೆ ಒಣಗಿಸಲು ಇಲ್ಲಿಗೇ ಬರುತ್ತಾರೆ. ಸೊಸೆಯರ ಚಾಡಿ, ಅತ್ತೆಯರ ಗೊಣಗಾಟ, ನಡುನಡುವೆ ಬಿದ್ದು ಬಿದ್ದು ನಗು. ನಾನು ಚಹಾ ಕೊಟ್ಟು ಹೊಸ್ತಿಲ ಮೇಲೆ ಕೂತು ಕೇಳುತ್ತೇನೆ. ಖರೆ ಹೇಳಬೇಕೆಂದರೆ, ವರ್ಷವೆಲ್ಲ ನಾನು ಕಾಯುವುದು ಆ ನಾಲ್ಕು ದಿನಕ್ಕೆ.

ಹೋದ ವರ್ಷ, ಕುರಿ ಸಾಕುವ ಪಕ್ಕದ ಮನೆಯಾಕೆ ಸಂಡಿಗೆಯ ಬಟ್ಟೆ ಎತ್ತಿ ತೋರಿಸಿದಳು. ಕೆಳಗೆ ಇರುವೆಯೋ ಇರುವೆ.

“ಅಕ್ಕಾರ, ಈ ಬಿರುಕಿನ್ಯಾಗ ಇರವಿ ಗೂಡ ಕಟ್ಯಾವ್ರಿ. ಮುಂದಿನ ವರ್ಷ ಇಲ್ಲಿ ಹಾಕಾಕ ಆಗೂದಿಲ್ಲ ನೋಡ್ರಿ,” ಎಂದಳು. ಅವಳು ನಗುತ್ತಲೇ ಹೇಳಿದ್ದು. ನಾನು ಮಾತ್ರ ಆ ಮಾತನ್ನು ಮರೆಯಲಿಲ್ಲ.

ಗೌಂಡಿಯನ್ನು ಕರೆಸಿದೆ. ಎಲ್ಲ ಒಡೆದು ಹೊಸದಾಗಿ ಹಾಕಬೇಕೆಂದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜನ! ಅಷ್ಟು ಖರ್ಚು ನನ್ನಿಂದಾಗದು. ಈ ವರ್ಷ ಬಿಸಿಲು ಏರುವ ಮುಂಚೆ ನಾನೇ ಸೀರೆ ಎತ್ತಿ ಕಟ್ಟಿದೆ.

ಹಳೆಯ ಉಳಿಯಿಂದ ಬಿರುಕುಗಳ ಸಡಿಲ ಪುಡಿ ಕೆರೆದು, ಕಸಬರಿಗೆಯಿಂದ ಗುಡಿಸಿ, ನೀರು ಹಾಕಿ ತೊಳೆದೆ. ಸಣ್ಣ ಬಿರುಕಿಗೆ ತೆಳ್ಳಗೆ ಕಲಸಿದ ಬರೀ ಸಿಮೆಂಟು. ಬೆರಳು ತೂರುವಂಥದ್ದಕ್ಕೆ ಸಾಣಿಸಿದ ಉಸುಕು ಬೆರೆಸಿದ್ದು. ಹಿಟ್ಟಿನ ಸಾಣಿಗೆಯನ್ನೇ ಬಳಸಿದ್ದರಿಂದ ಅದು ಮತ್ತೆ ಅಡುಗೆಮನೆ ಕಾಣಲಿಲ್ಲ. ಮೂಲೆಯಲ್ಲಿ ನೆಲ ಕುಸಿದಿತ್ತು. ಯಾರದೋ ಮನೆ ಕಟ್ಟಿ ಮಿಕ್ಕಿದ ನೆಲಕ್ಕೆ ಹಾಸುವ ಒಡಕು ಫರಸಿ ಕಲ್ಲುಗಳನ್ನು ಕೇಳಿ ತಂದು ಅಲ್ಲಿ ಕೂಡಿಸಿದೆ. ಒಂದರ ಬಣ್ಣ ಒಂದಕ್ಕೆ ಹೊಂದಲಿಲ್ಲ. ಹೊಂದದಿದ್ದರೆ ಬಿಡಲಿ, ಸಂಡಿಗೆಗೇನು ಕಣ್ಣಿದೆಯೇ? ಸೊಂಟ ಮಾತ್ರ ಬಿದ್ದೇಹೋಯಿತು.

ಹಸಿ ಸಿಮೆಂಟು ಬೇಗ ಒಣಗಿದರೆ ಮತ್ತೆ ಬಾಯಿಬಿಡುತ್ತದೆ. ಅದಕ್ಕೇ ಒದ್ದೆ ಗೋಣಿಚೀಲ ಹೊದಿಸಿದೆ. ನಾಯಿ, ಆಡು ತುಳಿಯದಿರಲೆಂದು ಅಂಗಳದ ಬಾಯಿಗೆ ಜಾಲಿಮುಳ್ಳಿನ ಕಂಟಿ ಎಳೆದು ಹಾಕಿದೆ. ನಾನೂ ತುಳಿಯಬಾರದಲ್ಲ, ಮುಂಬಾಗಿಲು ಮುಚ್ಚಿ ಹಿತ್ತಲಿನಿಂದ, ಕಬ್ಬಿನ ಹೊಲದ ಬದುವಿನ ಮೇಲೆ ಓಡಾಡಿದೆ. ನಸುಕಿನಲ್ಲೇ ಗೋಣಿಗೆ ನೀರು ಹೊಡೆದು ಒಳಗೆ ಸೇರಿಬಿಡುತ್ತಿದ್ದೆ.

ಒಂದೆರಡು ವಾರ ಕಳೆದು, ಸಿಮೆಂಟು ಗಟ್ಟಿಯಾದ ಮೇಲೆ ಮುಳ್ಳು ಸರಿಸಿ ಅಂಗಳ ತೊಳೆದೆ. ಮೂಡಲಗಿ ಸಂತೆಯಿಂದ ಚಹಾಪುಡಿ, ಸಕ್ಕರೆ ಜಾಸ್ತಿಯೇ ತಂದಿಟ್ಟೆ. ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ತಡೆಯಲಾರದೆ ಪಕ್ಕದ ಮನೆಗೆ ಹೋದೆ.

ನನ್ನನ್ನು ಕಂಡು ಆಕೆ ಬೆಚ್ಚಿದಳು. “ಅಯ್ಯ ಶಿವನ! ಯಾವಾಗ ಬಂದ್ರಿ ಅಕ್ಕಾರ?”

“ನಾ ಎಲ್ಲಿಗೆ ಹೋಗಿದ್ನಿ? ಇಲ್ಲೇ ಅದೀನಲ್ಲ.”

“ಅಂಗಳ ನೆಟ್ಟಗ ಮಾಡಿ, ಬಾಗಲ ಮುಚ್ಚಿ ಮುಳ್ಳ ಹಚ್ಚಿದ್ರಲ್ರಿ! ಹಿಡಕಲ್‌ಗೆ, ತಮ್ಮನ ಮನಿಗೆ ಕಾಯಂ ಹೋದ್ರಿ ಅಂತ ತಿಳದ್ವಿ.”

ಆಗ ತಿಳಿಯಿತು. ನಮ್ಮ ಕಡೆ ಜನ ಇರುವ ಮನೆಯ ಮುಂದೆ ಯಾರೂ ಮುಳ್ಳು ಹಚ್ಚುವುದಿಲ್ಲ. ಮನೆ ಬಿಟ್ಟು ಹೋಗುವವರು ಹಚ್ಚುತ್ತಾರೆ. ತಮ್ಮ ನನ್ನನ್ನು ಕರೆಯುತ್ತಲೇ ಇರುವುದು ಓಣಿಗೆಲ್ಲ ಗೊತ್ತು. ಸಿಮೆಂಟಿನ ಚಿಂತೆಯಲ್ಲಿ ನನಗೆ ಇದೊಂದೂ ಹೊಳೆದಿರಲಿಲ್ಲ.

“ಹೋಗೂ ಮುಂದ ನಿಮಗ ಹೇಳೂದಿಲ್ಲೇನ ನಾ?” ಎಂದು ರೇಗಿದೆ.

“ಅದಕ್ಕ ಸಿಟ್ಟ ಬಂದಿತ್ರಿ ನಮಗ. ಒಂದ ಮಾತ ಹೇಳದ ಹೋದ್ರಲ್ಲ ಅಂತ ಎಲ್ಲಾರೂ ಬೈದ್ವಿ. ಅತ್ತಾಗ ನಮ್ಮ ಮಾಳಿಗಿ ಮ್ಯಾಲ ಸಂಡಿಗಿ ಹಾಕಿದ್ವಿ. ಈ ವರ್ಷದ್ದ ಎಲ್ಲಾ ಮುಗೀತ್ರಿ, ಡಬ್ಬಿ ತುಂಬೇವಿ.” ಆಮೇಲೆ ದನಿ ತಗ್ಗಿಸಿ ಕೇಳಿದಳು. “ಒಳಗ ಇದ್ರಿ ಅಂದ್ರ, ಒಂದ ಸಲ ನಮ್ಮನ್ನ ಕೂಗಬಾರದೇನ್ರಿ?”

ಕೂಗಬಹುದಿತ್ತು. ನಡುವೆ ಇದ್ದದ್ದು ಒಂದು ಗಿಡ್ಡ ಗೋಡೆ. ಅವರಾಗೇ ಬರಲೆಂದು ಇಷ್ಟು ವರ್ಷ ಕಾದು ಕಾದು, ಒಬ್ಬರನ್ನು ಹೆಸರು ಹಿಡಿದು ಕೂಗುವುದೇ ನನಗೆ ಮರೆತುಹೋಗಿತ್ತು.